ಎಸ್‌ಒಎಸ್ ಬಟನ್ ಇರುವ ಟ್ರ್ಯಾಕರ್: ಯಾರಿಗೆ ಯಾವುದು ಒಗ್ಗುತ್ತದೆ?

ವಯಸ್ಸಾದವರೋ ಮಕ್ಕಳೋ ಜೊತೆಯಲ್ಲಿಟ್ಟುಕೊಳ್ಳುವ, ಅವರಿರುವ ಜಾಗ ತಿಳಿಸುವ ಪುಟ್ಟ ಸಾಧನವೇ ಟ್ರ್ಯಾಕರ್; ಅದರಲ್ಲಿ ಸಹಾಯ ಕೇಳಲು ಇರುವುದು ಎಸ್‌ಒಎಸ್ ಬಟನ್. ಮಾರುವವರ ಪುಟದಲ್ಲಿ ಎಲ್ಲ ಟ್ರ್ಯಾಕರ್‌ಗಳ ಮಾತೂ ಒಂದೇ: ಬಟನ್ ಒತ್ತಿ, ಸಹಾಯ ಬರುತ್ತದೆ. ಆದರೆ ಬಟನ್ ಒತ್ತಿದ ಕ್ಷಣಕ್ಕೂ ಯಾರೋ ಬಂದು ಬಾಗಿಲು ತಟ್ಟುವ ಕ್ಷಣಕ್ಕೂ ನಡುವೆ ಎಂಟು ಕೊಂಡಿಗಳಿವೆ. ಬಟನ್ ಕೈಗೆ ಸಿಗಬೇಕು. ಒತ್ತುವ ಶಕ್ತಿ, ಒತ್ತಬೇಕೆಂಬ ನೆನಪು ಎರಡೂ ಇರಬೇಕು. ಬ್ಯಾಟರಿಯಲ್ಲಿ ಚಾರ್ಜ್ ಉಳಿದಿರಬೇಕು. ಟವರ್ ಸಿಗಬೇಕು. ಸಿಮ್ ಚಾಲ್ತಿಯಲ್ಲಿರಬೇಕು. ಎಲ್ಲಿದ್ದಾರೆಂದು ಗೊತ್ತಾಗಬೇಕು. ಆಚೆ ಕಡೆಯ ಫೋನ್ ರಿಂಗಾಗಬೇಕು. ಎತ್ತಿದವರು ಹೊರಟು ಬರುವಷ್ಟು ಹತ್ತಿರದಲ್ಲಿರಬೇಕು. ಕೊಳ್ಳುವವರು ಸಾಮಾನ್ಯವಾಗಿ ಮೊದಲ ಕೊಂಡಿಯಿಂದ, ಅಂದರೆ ಸಾಧನದ ಚಂದದಿಂದ ಹೋಲಿಕೆ ಶುರು ಮಾಡುತ್ತಾರೆ. ಕೊನೆಯ ಕೊಂಡಿಯಿಂದ ಶುರು ಮಾಡಿದರೆ ಅರ್ಧ ಆಯ್ಕೆಗಳು ತಾವಾಗಿಯೇ ಉದುರಿಹೋಗುತ್ತವೆ.

ಆಚೆ ಕಡೆ ಯಾರು?

ಬಟನ್ ಒತ್ತಿದಾಗ ಕರೆ ಹೋಗುವ ದಾರಿ ಮೂರು ಬಗೆ. ಮನೆಯವರ ಫೋನಿಗೆ, ಹಣ ಕೊಟ್ಟು ಪಡೆಯುವ ನಿಗಾ ಕೇಂದ್ರಕ್ಕೆ, ಇಲ್ಲವೇ ನೇರವಾಗಿ ತುರ್ತು ಸೇವೆಯ ಸಂಖ್ಯೆಗೆ.

ಮನೆಯವರ ಫೋನಿಗೆ ಹೋಗುವ ಬಗೆಯಲ್ಲಿ ಸಾಧನವು ಮೂರರಿಂದ ಐದು ನಂಬರ್‌ಗಳಿಗೆ ನಕ್ಷೆಯ ಲಿಂಕ್ ಇರುವ ಎಸ್‌ಎಂಎಸ್ ಕಳಿಸಿ, ಆಮೇಲೆ ಒಂದೊಂದಾಗಿ ಕರೆ ಮಾಡುತ್ತದೆ. ಇಲ್ಲಿ ಅತಿ ದೊಡ್ಡ ಬಲೆ ವಾಯ್ಸ್‌ಮೇಲ್. ಮೊದಲ ನಂಬರಿನವರು ಎತ್ತದಿದ್ದಾಗ ವಾಯ್ಸ್‌ಮೇಲ್ ಎತ್ತಿಕೊಂಡರೆ ಅಗ್ಗದ ಸಾಧನಗಳು ‘ಯಾರೋ ಉತ್ತರಿಸಿದರು’ ಎಂದು ತಿಳಿದು ಅಲ್ಲಿಗೇ ನಿಂತುಬಿಡುತ್ತವೆ. ಬಿದ್ದವರ ದನಿ ಯಾರೂ ಕೇಳದ ಪೆಟ್ಟಿಗೆಯಲ್ಲಿ ರೆಕಾರ್ಡ್ ಆಗುತ್ತದೆ, ಎರಡನೆಯ ನಂಬರ್ ರಿಂಗಾಗುವುದೇ ಇಲ್ಲ. ಒಳ್ಳೆಯ ಸಾಧನಗಳಲ್ಲಿ ಕರೆ ಎತ್ತಿದವರು ಫೋನಿನ ಒಂದು ಅಂಕಿ ಒತ್ತಿ ‘ಕೇಳಿಸಿಕೊಂಡೆ’ ಎಂದು ಖಚಿತಪಡಿಸಬೇಕು. ಒತ್ತದಿದ್ದರೆ ಸರದಿ ಮುಂದಕ್ಕೆ ಹೋಗುತ್ತದೆ. ಈ ಒಂದು ಗುಣಕ್ಕಾಗಿ ಬೇರೆ ಹತ್ತು ಗುಣ ಬಿಟ್ಟುಕೊಡಬಹುದು. ಅದು ಇಲ್ಲದ ಸಾಧನವನ್ನೇ ಇಟ್ಟುಕೊಳ್ಳಬೇಕಾದರೆ, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಫೋನಿನಲ್ಲೂ ವಾಯ್ಸ್‌ಮೇಲ್ ನಿಲ್ಲಿಸುವುದೊಂದೇ ಉಪಾಯ.

ಲೆಕ್ಕವನ್ನೂ ಹಾಕಿ ನೋಡಿ. ಒಂದು ನಂಬರಿಗೆ 30 ಸೆಕೆಂಡ್ ರಿಂಗ್ ಎಂದರೆ ಐದು ನಂಬರಿನ ಒಂದು ಸುತ್ತಿಗೆ ಎರಡೂವರೆ ನಿಮಿಷ. ಯಾರೂ ಎತ್ತದಿದ್ದರೆ ಎರಡನೇ ಸುತ್ತು ಇದೆಯೇ, ಎಷ್ಟು ಸುತ್ತಿನ ನಂತರ ಸಾಧನ ಕೈಬಿಡುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಹುಡುಕಿ, ಸಿಗದಿದ್ದರೆ ಕೇಳಿ. ಪಟ್ಟಿಯ ಮೊದಲ ನಂಬರ್ ಕರುಳಿಗೆ ಹತ್ತಿರದವರದ್ದಲ್ಲ, ಮನೆಗೆ ಹತ್ತಿರದವರದ್ದು ಇರಲಿ. ಅವರ ಬಳಿ ಬಾಗಿಲ ಕೀಲಿಯೂ ಇರಲಿ. ದೂರದೂರಿನ ಮಗಳ ಹೆಸರು ಮೂರನೆಯದಾಗಿ ಇದ್ದರೆ ಪ್ರೀತಿಯೇನೂ ಕಡಿಮೆಯಾಗುವುದಿಲ್ಲ.

ಸಾಧನದೊಳಗಿನ ಸಿಮ್ಮಿನ ನಂಬರನ್ನು ಎಲ್ಲರೂ ಹೆಸರು ಕೊಟ್ಟು ಸೇವ್ ಮಾಡಿಕೊಳ್ಳಬೇಕು. ಗುರುತಿಲ್ಲದ ನಂಬರ್ ಎಂದು ಫೋನೇ ಅದನ್ನು ತಡೆಯಬಹುದು, ಸ್ಪ್ಯಾಮ್ ಎಂದು ಮನುಷ್ಯರೇ ಕತ್ತರಿಸಬಹುದು. ಸೇವ್ ಮಾಡಿದ ಮೇಲೆ ‘ಡು ನಾಟ್ ಡಿಸ್ಟರ್ಬ್’ ಇದ್ದರೂ ರಿಂಗಾಗುವ ಮೆಚ್ಚಿನ ನಂಬರ್‌ಗಳ ಪಟ್ಟಿಗೆ ಹಾಕಿ. ಆ್ಯಪ್ ನೋಟಿಫಿಕೇಶನ್ ಒಂದನ್ನೇ ನಂಬಿದ ಸಾಧನಗಳನ್ನು ಪಕ್ಕಕ್ಕಿಡುವುದು ಒಳ್ಳೆಯದು. ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತವೆ, ಆಗ ನೋಟಿಫಿಕೇಶನ್ ತಡವಾಗಿ ಬರುತ್ತದೆ. ರಾತ್ರಿ ಎರಡು ಗಂಟೆಗೆ ‘ಟಿಂಗ್’ ಎಂದರೆ ಯಾರಿಗೆ ಎಚ್ಚರವಾದೀತು?

ಒಂಟಿಯಾಗಿ ಬದುಕುವವರಿಗೆ, ಹತ್ತಿರದಲ್ಲಿ ಓಡಿಬರುವವರು ಇಲ್ಲದವರಿಗೆ ನಿಗಾ ಕೇಂದ್ರವೇ ಸರಿ. ತಿಂಗಳ ಶುಲ್ಕ ಇರುತ್ತದೆ. ಸಾಧನವೂ ಹೆಚ್ಚಾಗಿ ಆ ಕೇಂದ್ರಕ್ಕೇ ಕಟ್ಟುಬಿದ್ದಿರುತ್ತದೆ, ಚಂದಾ ನಿಲ್ಲಿಸಿದರೆ ಸುಮ್ಮನೆ ಪ್ಲಾಸ್ಟಿಕ್. ಒಪ್ಪಂದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು: ಕರೆ ತೆಗೆದುಕೊಳ್ಳುವವರು 24 ಗಂಟೆಯೂ ಇರುತ್ತಾರೆಯೇ, ಧರಿಸುವವರ ಭಾಷೆ ಅವರಿಗೆ ಬರುತ್ತದೆಯೇ, ಈ ಕಡೆಯಿಂದ ಮಾತೇ ಬರದಿದ್ದರೆ ಏನು ಮಾಡುತ್ತಾರೆ? ಮೂರನೆಯದಕ್ಕೆ ‘ಮತ್ತೆ ಕರೆ ಮಾಡುತ್ತೇವೆ’ ಎಂಬುದಷ್ಟೇ ಉತ್ತರವಾದರೆ ಬೇರೆ ಕೇಂದ್ರ ನೋಡಿ. ‘ಕೀಲಿ ಇರುವವರಿಗೆ ಹೇಳುತ್ತೇವೆ, ಅವರು ಸಿಗದಿದ್ದರೆ ಆಂಬುಲೆನ್ಸ್ ಕಳಿಸುತ್ತೇವೆ’ ಎಂಬ ಕ್ರಮ ಲಿಖಿತವಾಗಿ ಇರಬೇಕು. ಯುರೋಪಿನಲ್ಲಿ ಮನೆಯ ತುರ್ತು ಕರೆ ವ್ಯವಸ್ಥೆಗಳಿಗೆ ಇಎನ್ 50134, ಬ್ರಿಟನ್‌ನಲ್ಲಿ ಒಬ್ಬೊಬ್ಬರೇ ಕೆಲಸ ಮಾಡುವವರ ಸಾಧನಗಳಿಗೆ ಬಿಎಸ್ 8484 ಎಂಬ ಮಾನದಂಡಗಳಿವೆ. ಮಾರುವವರು ಇವುಗಳ ಹೆಸರು ಹೇಳಿದರೆ ಪ್ರಮಾಣಪತ್ರ ಸಾಧನಕ್ಕೋ ಕೇಂದ್ರಕ್ಕೋ ಎಂದು ವಿಚಾರಿಸಿ.

ತುರ್ತು ಸೇವೆಗೆ ನೇರ ಕರೆ ಎಂಬುದು ಕೇಳಲು ಭದ್ರ, ಬಳಕೆಯಲ್ಲಿ ಇಕ್ಕಟ್ಟಿನದು. ಸ್ಮಾರ್ಟ್‌ಫೋನಿನಿಂದ ತುರ್ತು ಕರೆ ಮಾಡಿದಾಗ ಹಲವು ದೇಶಗಳಲ್ಲಿ ಎಎಂಎಲ್ ಎಂಬ ವ್ಯವಸ್ಥೆ ಜಾಗದ ವಿವರವನ್ನೂ ತಾನಾಗಿ ಕಳಿಸುತ್ತದೆ. ಸಾಮಾನ್ಯ ಟ್ರ್ಯಾಕರ್‌ಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಅವುಗಳ ಲೊಕೇಶನ್ ಹೋಗುವುದು ತಮ್ಮದೇ ಸರ್ವರಿಗೆ, ತುರ್ತು ಸೇವೆಗಲ್ಲ. ಮಾತಾಡಲಾಗದವರು ಒತ್ತಿದರೆ ಅದು ಎಲ್ಲಿಂದ ಬಂತೆಂದೂ ತಿಳಿಯದ ಮೌನದ ಕರೆ. ತಪ್ಪಿ ಒತ್ತಿದ್ದರಂತೂ ಇನ್ನೊಬ್ಬರ ತುರ್ತು ಕರೆಗೆ ಅಡ್ಡ ನಿಂತಂತೆ. ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹರಡಿದ ಮೇಲೆ, 2023ರಲ್ಲಿ ಬ್ರಿಟನ್ನಿನ ಪೊಲೀಸರು ಮೌನದ ಕರೆಗಳು ವಿಪರೀತ ಹೆಚ್ಚಿವೆ ಎಂದು ಸಾರ್ವಜನಿಕರಿಗೆ ತಿಳಿಹೇಳಬೇಕಾಯಿತು. ಯಂತ್ರ ತಾನಾಗಿ ತುರ್ತು ಸೇವೆಗೆ ಕರೆ ಮಾಡಲು ಕೆಲವು ದೇಶಗಳಲ್ಲಿ ಅನುಮತಿಯೂ ಇಲ್ಲ. ತುರ್ತು ಸಂಖ್ಯೆ ಪಟ್ಟಿಯ ಕೊನೆಯಲ್ಲಿ ಇರಬಹುದೇ ಎಂದು ನಿಮ್ಮ ಕಡೆಯ ನಿಯಮ ನೋಡಿಕೊಂಡೇ ಹಾಕಿ.

ಒತ್ತುವವರ ಕೈ, ಒತ್ತುವವರ ಮನಸ್ಸು

ಹೆಚ್ಚಿನ ಬಟನ್‌ಗಳನ್ನು ಸುಮಾರು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ತಪ್ಪಿ ಒತ್ತುವುದನ್ನು ತಡೆಯಲು ಮಾಡಿದ ಉಪಾಯ ಅದು. ಆದರೆ ಕೈ ನಡುಗುವವರಿಗೆ, ಕೀಲುವಾತದಿಂದ ಬೆರಳು ಬಾಗಿದವರಿಗೆ ಮೂರು ಸೆಕೆಂಡ್ ಒಂದೇ ಸಮನೆ ಒತ್ತಿ ಹಿಡಿಯುವುದು ಸಲೀಸಲ್ಲ. ನಡುಕದಲ್ಲಿ ಬೆರಳು ಒಂದು ಕ್ಷಣ ಸಡಿಲವಾದರೂ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಅಂಥವರಿಗೆ ದೊಡ್ಡ, ಉಬ್ಬಿದ ಬಟನ್ ಮತ್ತು ಒಂದೇ ಒತ್ತಿಗೆ ಹೊರಡುವ ಕರೆ ಬೇಕು. ತಪ್ಪಾದರೆ 10–15 ಸೆಕೆಂಡಿನೊಳಗೆ ರದ್ದು ಮಾಡುವ ಅವಕಾಶ ಇದ್ದರಾಯಿತು. ಓಡಾಡುವ ಮಕ್ಕಳಿಗೆ ಇದಕ್ಕೆ ತದ್ವಿರುದ್ಧ: ಒಳಗೆ ತಗ್ಗಿಸಿ ಕೂರಿಸಿದ, ಒತ್ತಿ ಹಿಡಿಯಬೇಕಾದ ಬಟನ್ ಇಲ್ಲದಿದ್ದರೆ ಬ್ಯಾಗಿನೊಳಗೆ ಪುಸ್ತಕವೇ ದಿನಕ್ಕೆ ನಾಲ್ಕು ಸಲ ಒತ್ತುತ್ತದೆ. ನಾಲ್ಕು ಸುಳ್ಳು ಕರೆ ಬಂದ ಮೇಲೆ ಐದನೆಯದನ್ನು ಯಾರೂ ಎತ್ತುವುದಿಲ್ಲ. ಒತ್ತುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದಾದ ಸಾಧನ ಸಿಕ್ಕರೆ ಎರಡು ಬಗೆಯವರಿಗೂ ಆಗುತ್ತದೆ.

ಒತ್ತಿದ್ದು ಸಾಧನಕ್ಕೆ ತಿಳಿಯಿತು ಎಂಬುದು ಒತ್ತಿದವರಿಗೂ ತಿಳಿಯಬೇಕು. ಕಂಪನ ಮತ್ತು ಸದ್ದು ಎರಡೂ ಇರಲಿ. ಕಣ್ಣು ಮಂದವಾದವರಿಗೆ ಮಿನುಗುವ ದೀಪದಿಂದ ಪ್ರಯೋಜನವಿಲ್ಲ, ಕಿವಿ ಮಂದವಾದವರಿಗೆ ಬೀಪ್‌ನಿಂದ ಇಲ್ಲ. ಗುರುತು ಸಿಗದಿದ್ದರೆ ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತುತ್ತಾರೆ, ಎರಡನೆಯ ಒತ್ತು ಮೊದಲನೆಯದನ್ನು ರದ್ದು ಮಾಡುವ ಸಾಧನಗಳೂ ಇವೆ. ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ಇದೊಂದನ್ನು ನೋಡಿಬಿಡಿ.

ಪಾರ್ಶ್ವವಾಯು ಆದವರಿಗೆ ವಾಚ್ ಕೊಡುವಾಗ ಯಾವ ಕೈ ಎಂಬುದೇ ಎಲ್ಲ. ಕಟ್ಟಿದ ಕೈಯಿಂದ ಅದೇ ವಾಚಿನ ಬಟನ್ ಒತ್ತಲಾಗದು. ಸ್ವಾಧೀನ ಇರುವ ಕೈಗೆ ಕಟ್ಟಿದರೆ ಒತ್ತಲು ಉಳಿಯುವುದು ಸ್ವಾಧೀನ ಇಲ್ಲದ ಕೈ! ಬಲಹೀನ ಕೈಗೆ ಕಟ್ಟಬೇಕು, ಆದರೆ ಆ ಬದಿಗೇ ಬಿದ್ದರೆ ವಾಚ್ ಮೈಯಡಿ ಸಿಕ್ಕಿಕೊಳ್ಳುತ್ತದೆ. ಇಂಥವರಿಗೆ ಯಾವ ಕೈಯಿಂದಲೂ ತಲುಪುವ ಕೊರಳ ಪೆಂಡೆಂಟೇ ವಾಸಿ.

ಮರೆವಿನ ಕಾಯಿಲೆ ಇರುವವರಿಗೆ ಬಟನ್ ಒಂದನ್ನೇ ನಂಬಿ ಏನನ್ನೂ ಕೊಳ್ಳಬೇಡಿ. ದಾರಿ ತಪ್ಪಿದ್ದೇನೆ ಎಂಬ ಅರಿವೇ ಇಲ್ಲದಾಗ ಒತ್ತುವುದು ಎಲ್ಲಿಂದ ಬಂತು? ಅವರಿಗೆ ಬೇಕಾದದ್ದು ಜಿಯೋಫೆನ್ಸ್, ಅಂದರೆ ನಕ್ಷೆಯ ಮೇಲೆ ನೀವೇ ಎಳೆದಿಟ್ಟ ಬೇಲಿ. ಅದನ್ನು ದಾಟಿದರೆ ನಿಮಗೆ ಸಂದೇಶ. ಬೇಲಿಯನ್ನು ತೀರ ಚಿಕ್ಕದಾಗಿ, 50 ಮೀಟರಿಗೆಲ್ಲ ಎಳೆದರೆ ಮನೆಯೊಳಗೆ ಕೂತಿದ್ದಾಗಲೂ ಲೊಕೇಶನ್ ಜಿಗಿದಾಡಿ ಸುಳ್ಳು ಎಚ್ಚರಿಕೆ ಬರುತ್ತದೆ. 200 ಮೀಟರ್ ಸುತ್ತಳತೆಯ ಬದಲು 200 ಮೀಟರ್ ತ್ರಿಜ್ಯ ಇಟ್ಟು ಶುರು ಮಾಡಿ, ಒಂದು ವಾರ ನೋಡಿ ಕುಗ್ಗಿಸಿ. ಜೊತೆಗೆ, ನೀವು ಕರೆ ಮಾಡಿದಾಗ ತಾನಾಗಿಯೇ ಎತ್ತಿಕೊಳ್ಳುವ ಆಟೋ ಆನ್ಸರ್ ಬೇಕು. ಅಪಸ್ಮಾರ ಇರುವವರದ್ದೂ ಇದೇ ಕತೆ: ಸೆಳೆತ ಬಂದಾಗ ಒತ್ತಲಾಗುವುದಿಲ್ಲ. ಸೆಳೆತವನ್ನೇ ಗುರುತಿಸಲು ಮಾಡಿದ ಸಾಧನಗಳು ಬೇರೆ ಇವೆ, ಅದನ್ನು ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ.

ಬುದ್ಧಿ ಚುರುಕಾಗಿದ್ದವರೂ ಒತ್ತುವುದಿಲ್ಲ ಎಂಬುದು ಇನ್ನೊಂದು ಸಂಗತಿ. 90 ದಾಟಿದವರ ಬೀಳುವಿಕೆಯ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿದ್ದು ಬಹಳ ಹೊತ್ತು ನೆಲದ ಮೇಲೇ ಉಳಿದ ಪ್ರಸಂಗಗಳ ಪೈಕಿ ಬಹುಪಾಲಿನಲ್ಲಿ, ಕರೆ ಬಟನ್ ಇದ್ದರೂ ಬಳಕೆಯಾಗಿರಲಿಲ್ಲ. ಕಾರಣಗಳು ಮನೆಮನೆಯಲ್ಲೂ ಕೇಳುವಂಥವೇ: ಯಾರಿಗೆ ತೊಂದರೆ ಕೊಡಲಿ, ನಾನೇ ಎದ್ದೇನು, ಬಟನ್ ಮಂಚದ ಪಕ್ಕ ಇಟ್ಟಿದ್ದೆ. ಹಾಗೆ ನೆಲದ ಮೇಲೆ ಗಂಟೆಗಟ್ಟಲೆ ಬಿದ್ದಿರುವುದರಿಂದ ಮೈಯ ನೀರಿನಂಶ ಇಳಿಯುತ್ತದೆ, ಒತ್ತಡದ ಹುಣ್ಣಾಗುತ್ತದೆ, ಜಜ್ಜಿದ ಸ್ನಾಯುಗಳಿಂದ ಹೊರಬರುವ ಪದಾರ್ಥಗಳು ಮೂತ್ರಪಿಂಡಕ್ಕೆ ಏಟು ಕೊಡುತ್ತವೆ. ಆದ್ದರಿಂದ ಸಾಧನ ಆರಿಸುವಾಗ ಧರಿಸುವವರನ್ನೇ ಕೂರಿಸಿಕೊಂಡು ಆರಿಸಿ. ಅವರಿಗೆ ಹಿಡಿಸದ ಬಣ್ಣದ, ‘ರೋಗಿಯ ಗುರುತು’ ಅನ್ನಿಸುವ ಸಾಧನ ಎಷ್ಟೇ ಒಳ್ಳೆಯದಾದರೂ ಡ್ರಾಯರ್ ಸೇರುತ್ತದೆ. ಲೊಕೇಶನ್ ಯಾರು ಯಾರು ನೋಡಬಹುದು ಎಂಬುದನ್ನೂ ಅವರೆದುರೇ ಒಪ್ಪಿ ಮುಗಿಸಿ.

ಆಕಾರಗಳ ಹೋಲಿಕೆ

ಕೊರಳ ಪೆಂಡೆಂಟ್: ಬಟನ್ ದೊಡ್ಡದು, ಎರಡೂ ಕೈಗೆ ಸಿಗುತ್ತದೆ, ಸ್ಪೀಕರ್ ಬಾಯಿಗೆ ಹತ್ತಿರ. ಮುಂಡಕ್ಕೆ ಅಂಟಿಕೊಂಡಿರುವುದರಿಂದ ಬಿದ್ದದ್ದನ್ನು ಗುರುತಿಸುವುದರಲ್ಲೂ ಕೈಗಡಿಯಾರಕ್ಕಿಂತ ಸಾಮಾನ್ಯವಾಗಿ ಮೇಲು. ತೊಂದರೆ ಏನೆಂದರೆ, ದಾರ ಉದ್ದವಾಗಿದ್ದರೆ ತೂಗಾಡಿ ಮೇಜಿಗೆ ಬಡಿದು ಸುಳ್ಳು ಕರೆ ಹೊರಡಿಸುತ್ತದೆ, ಮಲಗುವಾಗ ತೆಗೆದಿಡುತ್ತಾರೆ. ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಕೊಕ್ಕೆ ಇರುವ ದಾರವನ್ನೇ ಬಳಸಿ. ಗಟ್ಟಿ ದಾರವು ಮಂಚದ ಕಂಬಿಗೋ ಬಾಗಿಲ ಹಿಡಿಕೆಗೋ ಸಿಕ್ಕಿದರೆ ಉಸಿರು ಕಟ್ಟುತ್ತದೆ.

ಕೈಗಡಿಯಾರ: ಯಾರ ಕಣ್ಣಿಗೂ ಬೀಳದೆ ಧರಿಸಬಹುದು, ಮರೆತು ಬರುವ ಭಯ ಕಡಿಮೆ. ಬಟನ್ ಚಿಕ್ಕದು, ಬ್ಯಾಟರಿಯೂ ಚಿಕ್ಕದು. ಬಕಲ್ ಹಾಕಲಾಗದವರಿಗೆ ವೆಲ್ಕ್ರೋ ಪಟ್ಟಿ ಕೇಳಿ. ಮರೆವಿನವರು ಬಿಚ್ಚಿ ಎಸೆಯುವುದಾದರೆ ಎರಡು ಕೈ ಬೇಕಾಗುವ ಬೀಗದ ಪಟ್ಟಿಗಳೂ ಇವೆ, ಅದನ್ನು ಹಾಕುವ ಮುನ್ನ ಅವರ ಒಪ್ಪಿಗೆಯ ಪ್ರಶ್ನೆ ಎದುರಾಗುತ್ತದೆ. ಸ್ಮಾರ್ಟ್‌ವಾಚ್ ಆದರೆ ಸೆಲ್ಯುಲರ್ ಮಾದರಿಯೇ ಆಗಬೇಕು. ಆ್ಯಪಲ್ ವಾಚಿನ ಜಿಪಿಎಸ್-ಮಾತ್ರ ಮಾದರಿಗೆ ಕರೆ ಮಾಡಲು ಹತ್ತಿರದಲ್ಲಿ ಐಫೋನ್ ಅಥವಾ ಗೊತ್ತಿರುವ ವೈ-ಫೈ ಬೇಕು.

ಕ್ಲಿಪ್, ಕೀಲಿಗೊಂಚಲು, ಗುರುತಿನ ಚೀಟಿಯ ಆಕಾರದವು: ಕೆಲಸಕ್ಕೆ ಹೋಗುವವರಿಗೆ, ಮಕ್ಕಳ ಬ್ಯಾಗಿಗೆ ಹೊಂದುತ್ತವೆ. ಬಚ್ಚಲಲ್ಲಿ ಇವು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿರುತ್ತವೆ.

ಮನೆಗೆ ಮಾತ್ರದ ವ್ಯವಸ್ಥೆ: ಗೋಡೆಯ ಪಕ್ಕ ಒಂದು ಬೇಸ್ ಯೂನಿಟ್, ಕೊರಳಲ್ಲಿ ಪುಟ್ಟ ರೇಡಿಯೊ ಬಟನ್. ಮನೆ ಬಿಟ್ಟು ಹೋಗದವರಿಗೆ ಟ್ರ್ಯಾಕರಿಗಿಂತ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ, ಕಾರಣ ಒಂದೇ: ಬಟನ್ನಿಗೆ ಚಾರ್ಜ್ ಬೇಕಿಲ್ಲ. ಒತ್ತಿದಾಗ ಮಾತ್ರ ರೇಡಿಯೊ ಏಳುವುದರಿಂದ ಒಳಗಿನ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಯುರೋಪಿನಲ್ಲಿ ಇಂಥ ಕರೆಗಳಿಗೆಂದೇ 869.2ರಿಂದ 869.25 ಮೆಗಾಹರ್ಟ್ಸ್ ತರಂಗಪಟ್ಟಿ ಮೀಸಲಿದೆ. ಪೆಟ್ಟಿಗೆಯ ಮೇಲೆ ಬರೆದ ದೂರ ಬಯಲಿನಲ್ಲಿ ಅಳೆದದ್ದು. ಗೋಡೆ, ಕಾಂಕ್ರೀಟು, ಕಬ್ಬಿಣ ಅದನ್ನು ತಿನ್ನುತ್ತವೆ. ವಿದ್ಯುತ್ ಹೋದಾಗ ಬೇಸ್ ಯೂನಿಟ್ಟಿನ ಬ್ಯಾಟರಿ ಎಷ್ಟು ಗಂಟೆ ಎಂದು ಕೇಳಿ. ಅದು ಇಂಟರ್ನೆಟ್ ರೌಟರ್ ಮೂಲಕ ಕರೆ ಮಾಡುವುದಾದರೆ ರೌಟರಿಗೂ ಯುಪಿಎಸ್ ಬೇಕು.

ಏರ್‌ಟ್ಯಾಗ್ ಥರದ ಬ್ಲೂಟೂತ್ ಟ್ಯಾಗ್‌ಗಳು ಈ ಹೋಲಿಕೆಗೇ ಬರಬಾರದು, ಆದರೂ ಅಗ್ಗ ಎಂದು ಜನ ಕೊಳ್ಳುತ್ತಾರೆ. ಅವುಗಳಲ್ಲಿ ಜಿಪಿಎಸ್ ಇಲ್ಲ, ಹೆಚ್ಚಿನವುಗಳಲ್ಲಿ ಎಸ್‌ಒಎಸ್ ಬಟನ್ನೂ ಇಲ್ಲ. ಪಕ್ಕದಲ್ಲಿ ಹಾದುಹೋದ ಬೇರೆಯವರ ಫೋನ್ ಕಂಡದ್ದನ್ನು ಹೇಳುತ್ತವೆ ಅಷ್ಟೆ. ಟವರೇ ಇಲ್ಲದ ಕಾಡುಮೇಡು, ಸಮುದ್ರಕ್ಕೆ ಹೋಗುವವರಿಗೆ ಉಪಗ್ರಹದ ಸಾಧನ ಬೇಕು. 406 ಮೆಗಾಹರ್ಟ್ಸ್‌ನ ಪಿಎಲ್‌ಬಿಗೆ, ಅಂದರೆ ಉಪಗ್ರಹಕ್ಕೆ ಅಪಾಯದ ಸಂಕೇತ ಕಳಿಸುವ ಕೈ ಸಾಧನಕ್ಕೆ, ಚಂದಾ ಇಲ್ಲ, ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತದೆ, ಆದರೆ ಸಂದೇಶ ಹೋಗುವುದು ಒಂದೇ ಕಡೆಗೆ. ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನಗಳಲ್ಲಿ ಉತ್ತರವೂ ಬರುತ್ತದೆ, ಚಂದಾ ಕಟ್ಟಬೇಕು. ಎರಡಕ್ಕೂ ತೆರೆದ ಆಕಾಶ ಬೇಕು, ಮನೆಯೊಳಗೆ ಬಿದ್ದವರಿಗೆ ಉಪಯೋಗವಿಲ್ಲ.

ಲೊಕೇಶನ್ ಎಷ್ಟು ನಿಜ

ತೆರೆದ ಆಕಾಶದಡಿ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ತೋರಿಸುತ್ತದೆ. ಛಾವಣಿಯ ಕೆಳಗೆ ಆ ಕ್ಷೀಣ ಸಂಕೇತ ಇಳಿಯುವುದಿಲ್ಲ. ಆಗ ಸಾಧನ ಸುತ್ತಲಿನ ವೈ-ಫೈ ರೌಟರ್‌ಗಳ ಗುರುತು ಹಿಡಿದು ಕೆಲವು ಹತ್ತು ಮೀಟರ್‌ಗಳ ಅಂದಾಜು ಕೊಡಬಹುದು. ವೈ-ಫೈ ಸೌಲಭ್ಯವೂ ಇಲ್ಲದಿದ್ದರೆ ಉಳಿಯುವುದು ಮೊಬೈಲ್ ಟವರ್. ಊರೊಳಗೆ ಕೆಲವು ನೂರು ಮೀಟರ್, ಟವರ್‌ಗಳು ವಿರಳವಾದ ಕಡೆ ಕಿಲೋಮೀಟರುಗಟ್ಟಲೆ ತಪ್ಪು. ಪೆಟ್ಟಿಗೆಯ ಮೇಲೆ ಜಿಪಿಎಸ್, ವೈ-ಫೈ, ಎಲ್‌ಬಿಎಸ್ ಎಂದು ಮೂರೂ ಬರೆದಿದೆಯೇ ನೋಡಿ. ಎಲ್‌ಬಿಎಸ್ ಎಂದರೆ ಟವರ್ ಲೆಕ್ಕ.

ಇದಕ್ಕಿಂತ ಅಪಾಯದ್ದು ಹಳೆಯ ಲೊಕೇಶನ್. ಮನೆಯೊಳಗೆ ಹೊಸ ಜಾಗ ಸಿಗದೆ ಹೋದಾಗ ಕೆಲವು ಸಾಧನಗಳು ಕೊನೆಗೆ ಆಕಾಶ ಕಂಡ ಜಾಗವನ್ನೇ ಕಳಿಸುತ್ತವೆ. ನಕ್ಷೆಯಲ್ಲಿ ಚುಕ್ಕೆ ಅಚ್ಚುಕಟ್ಟಾಗಿ ಕೂತಿರುತ್ತದೆ, ಜನ ಅಲ್ಲಿಗೆ ಓಡುತ್ತಾರೆ, ಅಲ್ಲಿ ಯಾರೂ ಇರುವುದಿಲ್ಲ. ಸಂದೇಶದಲ್ಲಿ ಲೊಕೇಶನ್ ಸಿಕ್ಕ ಸಮಯ ಮತ್ತು ಯಾವ ವಿಧಾನದಿಂದ ಸಿಕ್ಕಿತು ಎಂಬೆರಡೂ ಇರಬೇಕು. ನೋಡುವವರಿಗೂ ಚುಕ್ಕೆಗಿಂತ ಮೊದಲು ಸಮಯ ಓದಲು ಹೇಳಿಕೊಡಿ. ಬಹಳ ಹೊತ್ತು ಆಫ್ ಆಗಿದ್ದ ಸಾಧನಕ್ಕೆ ಉಪಗ್ರಹದ ಕಕ್ಷೆಯ ವಿವರ ಹೊಸದಾಗಿ ಬೇಕು, ಅದನ್ನು ಆಕಾಶದಿಂದಲೇ ಇಳಿಸಿಕೊಳ್ಳಲು ಅಡ್ಡಿಯಿಲ್ಲದೆ ಅರ್ಧ ನಿಮಿಷವಾದರೂ ಹಿಡಿಯುತ್ತದೆ. ಎ-ಜಿಪಿಎಸ್ ಇದ್ದರೆ ಅದೇ ವಿವರ ಮೊಬೈಲ್ ನೆಟ್‌ವರ್ಕಿನಿಂದ ಬೇಗ ಸಿಗುತ್ತದೆ. ಹಾಗಾಗಿ ಒಳ್ಳೆಯ ಸಾಧನ ಜಾಗಕ್ಕಾಗಿ ಕಾಯದೆ ಮೊದಲು ಕರೆ ಮಾಡುತ್ತದೆ, ಜಾಗ ಸಿಕ್ಕ ಮೇಲೆ ಎರಡನೇ ಸಂದೇಶ ಕಳಿಸುತ್ತದೆ.

ನೆಟ್‌ವರ್ಕ್, ಸಿಮ್

ಅಗ್ಗದ ಟ್ರ್ಯಾಕರ್‌ಗಳಲ್ಲಿ ಈಗಲೂ 2ಜಿ ಮಾತ್ರದವು ಸಿಗುತ್ತವೆ. ಕೊಳ್ಳಬೇಡಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ, ಆಸ್ಟ್ರೇಲಿಯಾದವು 2024ರಲ್ಲಿ 3ಜಿಯನ್ನೇ ಮುಚ್ಚಿದವು, 2ಜಿ ಅಲ್ಲಿ ಅದಕ್ಕೂ ಮೊದಲೇ ಹೋಗತೊಡಗಿತ್ತು. ಉಳಿದ ಕಡೆಯೂ ಅದೇ ದಾರಿ. ‘4ಜಿ’ ಎಂಬ ಅಕ್ಷರವೊಂದನ್ನೇ ನೋಡಿದರೂ ಸಾಲದು. ವೋಲ್ಟಿಇ (4ಜಿಯಲ್ಲೇ ಮಾತಿನ ಕರೆ ಮಾಡುವ ವ್ಯವಸ್ಥೆ) ಇಲ್ಲದ 4ಜಿ ಸಾಧನ ಡೇಟಾ ಕಳಿಸೀತು, ಮಾತಿನ ಕರೆಗೆ 2ಜಿ ಅಥವಾ 3ಜಿಗೆ ಇಳಿಯಬೇಕು; ಅವು ಇಲ್ಲದ ನೆಟ್‌ವರ್ಕಿನಲ್ಲಿ ಲೊಕೇಶನ್ ಬರುತ್ತದೆ, ದನಿ ಬರುವುದಿಲ್ಲ. ಎನ್‌ಬಿ-ಐಒಟಿ, ಎಲ್‌ಟಿಇ-ಎಂ ಎಂಬವು ಯಂತ್ರಗಳಿಗೆಂದೇ ಮಾಡಿದ ಮೊಬೈಲ್ ಜಾಲಗಳು. ಎನ್‌ಬಿ-ಐಒಟಿ ಎಂದು ಬರೆದ ಸಾಧನದಲ್ಲಿ ಮಾತಿನ ಕರೆ ಇರುವುದೇ ಇಲ್ಲ. ಎಲ್‌ಟಿಇ-ಎಂ ಆದರೆ ದನಿ ಸಾಧ್ಯ, ಆದರೆ ಸಾಧನ ಮತ್ತು ನೆಟ್‌ವರ್ಕ್ ಎರಡೂ ಅದಕ್ಕೆ ಒಪ್ಪಬೇಕು.

ಸಿಮ್ ಹಾಕುವ ಮುನ್ನ ಅದನ್ನು ಒಂದು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ, ಕರೆ ಮತ್ತು ಎಸ್‌ಎಂಎಸ್ ಎರಡೂ ಹೋಗುತ್ತವೆಯೇ ನೋಡಿ. ಪಿನ್ ಕೇಳುವ ಸಿಮ್ಮನ್ನು ಪರದೆಯಿಲ್ಲದ ಟ್ರ್ಯಾಕರ್ ಸಾಮಾನ್ಯವಾಗಿ ಎಬ್ಬಿಸಲಾರದು. ಯಂತ್ರಗಳಿಗೆಂದು ಮಾರುವ ಡೇಟಾ ಸಿಮ್‌ಗಳಲ್ಲಿ ದನಿ ಇರದಿರಬಹುದು. ಪ್ರೀಪೇಡ್ ಆದರೆ ಬಳಸದೆ ಬಿಟ್ಟ ಸಿಮ್ ನಿಷ್ಕ್ರಿಯವಾಗುತ್ತದೆ. ಆಗ ಸಾಧನದ ದೀಪ ಮಿನುಗುತ್ತಲೇ ಇರುತ್ತದೆ, ಬಟನ್ ಒತ್ತಿದಾಗಲೇ ನಿಜ ಹೊರಬೀಳುವುದು. ಸಿಗ್ನಲ್ ಚಂಚಲವಾದ ಕಡೆ ಓಡಾಡುವವರಿಗೆ ಹಲವು ಕಂಪನಿಗಳ ಟವರಿನಲ್ಲಿ ಕೆಲಸ ಮಾಡುವ ರೋಮಿಂಗ್ ಸಿಮ್ ಒಳ್ಳೆಯದು. ಒಳಬರುವ ಕರೆಗೆ ಅನುಮತಿಸಿದ ನಂಬರ್‌ಗಳ ಪಟ್ಟಿ ಹಾಕಿಬಿಡಿ, ಇಲ್ಲದಿದ್ದರೆ ಆಟೋ ಆನ್ಸರ್ ಇರುವ ಸಾಧನ ಜಾಹೀರಾತಿನ ಕರೆಯನ್ನೂ ಎತ್ತಿ ಗಟ್ಟಿಯಾಗಿ ಒದರುತ್ತದೆ.

ಬ್ಯಾಟರಿ ಮತ್ತು ನೀರು

‘ಏಳು ದಿನ’ ಎಂಬ ಭರವಸೆ ಅಲುಗಾಡದೆ ಕೂತ ಸಾಧನದ್ದು. ಲೊಕೇಶನ್ ನಿಮಿಷಕ್ಕೊಮ್ಮೆ ಕಳಿಸಲು ಇಟ್ಟರೆ ಒಂದು ದಿನವೂ ಬಾರದಿರಬಹುದು. 10 ನಿಮಿಷಕ್ಕೊಮ್ಮೆ, ಎಸ್‌ಒಎಸ್ ಒತ್ತಿದಾಗ ಮಾತ್ರ ನಿಮಿಷಕ್ಕೊಮ್ಮೆ ಎಂದು ಹೊಂದಿಸುವುದು ಹದ. ಬ್ಯಾಟರಿ ಉಳಿಸಲು ನೆಟ್‌ವರ್ಕನ್ನೇ ಬಿಟ್ಟು ಗಾಢವಾಗಿ ಮಲಗುವ ಮೋಡ್ ಇದ್ದರೆ ಅದನ್ನು ಆರಿಸಬೇಡಿ. ಬಟನ್ ಒತ್ತಿದಾಗ ಎದ್ದು ಮತ್ತೆ ಟವರ್ ಹಿಡಿಯುವುದರಲ್ಲಿ ಸಮಯ ಹೋಗುತ್ತದೆ, ನೀವು ಕರೆ ಮಾಡಿದರಂತೂ ತಲುಪುವುದೇ ಇಲ್ಲ. ಸಿಗ್ನಲ್ ದುರ್ಬಲವಿರುವ ಮನೆಯಲ್ಲೂ ಬ್ಯಾಟರಿ ಬೇಗ ಇಳಿಯುತ್ತದೆ, ಟವರ್ ಮುಟ್ಟಲು ಸಾಧನ ಹೆಚ್ಚು ಶಕ್ತಿ ಸುರಿಯಬೇಕಲ್ಲ.

ಲಿಥಿಯಂ ಬ್ಯಾಟರಿ 300ರಿಂದ 500 ಚಾರ್ಜಿನ ಹೊತ್ತಿಗೆ ಸುಮಾರು ಐದನೇ ಒಂದು ಭಾಗ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ದಿನವೂ ಚಾರ್ಜ್ ಬೇಡುವ ವಾಚಿನಲ್ಲಿ ಆ ಹಂತ ಒಂದು ಒಂದೂವರೆ ವರ್ಷಕ್ಕೆ ಬಂದುಬಿಡುತ್ತದೆ. ವಾರಕ್ಕೆರಡು ಸಲ ಕೇಳುವ ಪೆಂಡೆಂಟಿನಲ್ಲಿ ಮೂರು ವರ್ಷದ ಮೇಲೆ. ಚಾರ್ಜಿಗೆ ಮೈಕ್ರೋ ಯುಎಸ್‌ಬಿಯ ಸಣ್ಣ ತೂತು ಬೇಡ. ಮಂದ ಕಣ್ಣು, ನಡುಗುವ ಕೈಗೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಚಾರ್ಜಿಂಗ್ ಸ್ಟ್ಯಾಂಡೇ ಸರಿ. ಅದರ ಲೋಹದ ಚುಕ್ಕೆಗಳ ಮೇಲೆ ಬೆವರು, ಎಣ್ಣೆ ಕಟ್ಟಿಕೊಂಡರೆ ರಾತ್ರಿಯಿಡೀ ಇಟ್ಟರೂ ಚಾರ್ಜಾಗುವುದಿಲ್ಲ, ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿ. ಚಾರ್ಜಿಗೆ ರಾತ್ರಿ ಹೊತ್ತು ಬೇಡ. ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವಾಗಲೇ ಬೀಳುವುದು, ಆಗ ಸಾಧನ ಗೋಡೆಗೆ ಕಚ್ಚಿಕೊಂಡಿರುತ್ತದೆ. ಅವರು ಯಾರ ಜೊತೆಗಾದರೂ ಕೂತಿರುವ ಹಗಲಿನ ಒಂದು ಗಂಟೆಯನ್ನು ಗೊತ್ತು ಮಾಡಿ. ‘ಬ್ಯಾಟರಿ ಕಡಿಮೆ’ ಎಂಬ ಸಂದೇಶ ಧರಿಸಿದವರಿಗೆ ಮಾತ್ರವಲ್ಲ, ನಿಮ್ಮ ಫೋನಿಗೂ ಬರಬೇಕು.

ಬಚ್ಚಲಲ್ಲಿ ತೆಗೆದಿಡಬೇಕಾದ ಸಾಧನಕ್ಕೆ ಬೆಲೆಯಿಲ್ಲ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದೀತು ಎಂದು. ಐಪಿ65 ಎಂದರೆ ಚಿಮ್ಮುವ ನೀರಿಗೆ ಸರಿ, ಮುಳುಗಿಸುವಂತಿಲ್ಲ. ಎರಡೂ ಪರೀಕ್ಷೆ ಬರಿಯ ನೀರಿನದು; ಬಿಸಿನೀರು, ಸೋಪು ರಬ್ಬರ್ ಸೀಲನ್ನು ಕಾಲಕ್ರಮೇಣ ಕೆಡಿಸುತ್ತವೆ. ರಬ್ಬರ್ ಮುಚ್ಚಳದ ಚಾರ್ಜಿಂಗ್ ತೂತೇ ಮೊದಲು ಸೋರುವುದು.

ಬಿದ್ದರೆ ತಾನಾಗಿ ಕರೆ

ಒಳಗಿನ ವೇಗೋತ್ಕರ್ಷ ಮಾಪಕವು (ಚಲನೆಯ ಏರುಪೇರು ಅಳೆಯುವ ಚಿಪ್) ಕುಸಿತ, ಬಡಿತ, ಆಮೇಲಿನ ನಿಶ್ಚಲತೆ ಈ ಮೂರನ್ನು ಸೇರಿಸಿ ‘ಬಿದ್ದರು’ ಎಂದು ತೀರ್ಮಾನಿಸುತ್ತದೆ. ಮಂಚದಿಂದ ಮೆಲ್ಲಗೆ ಜಾರಿ ಕೂತವರು, ಗೋಡೆಗೆ ಒರಗಿಕೊಂಡೇ ಕುಸಿದವರು ಇದರ ಕಣ್ಣಿಗೆ ಬೀಳುವುದಿಲ್ಲ. ಕುರ್ಚಿಯಲ್ಲಿ ಧೊಪ್ಪನೆ ಕೂರುವವರು ಬಿದ್ದಂತೆ ಕಾಣುತ್ತಾರೆ. ಸೂಕ್ಷ್ಮತೆಯನ್ನು ಹಂತಗಳಲ್ಲಿ ಬದಲಿಸಲು ಬರುವ ಸಾಧನವನ್ನೇ ನೋಡಿ, ಮಧ್ಯದ ಹಂತದಿಂದ ಶುರು ಮಾಡಿ. ಆ್ಯಪಲ್ ವಾಚಿನಲ್ಲಿ 2018ರಿಂದ ಇರುವ ಸೌಲಭ್ಯವು ಬಿದ್ದವರು ಸುಮಾರು ಒಂದು ನಿಮಿಷ ಅಲುಗದಿದ್ದರೆ ತುರ್ತು ಸೇವೆಗೇ ಕರೆ ಮಾಡುತ್ತದೆ. ಮೊದಲು ಮನೆಯವರಿಗೆ ಗೊತ್ತಾಗಲಿ ಎನ್ನುವವರಿಗೆ ಆ ಕ್ರಮ ಹಿಡಿಸದು.

ಕಳ್ಳಗಿವಿ

2019ರಲ್ಲಿ ಅವಾಸ್ಟ್ ಎಂಬ ಭದ್ರತಾ ಕಂಪನಿ ಸುಮಾರು 6 ಲಕ್ಷ ಟ್ರ್ಯಾಕರ್‌ಗಳು 123456 ಎಂಬ ಒಂದೇ ಪಾಸ್‌ವರ್ಡಿನಲ್ಲಿ ತೆರೆದುಕೊಂಡಿರುವುದನ್ನು ಬಯಲು ಮಾಡಿತು. ಯಾರು ಬೇಕಾದರೂ ಮಗು ಎಲ್ಲಿದೆ ಎಂದು ನೋಡಬಹುದಿತ್ತು. ಗುಟ್ಟಾಗಿ ಕೇಳಿಸಿಕೊಳ್ಳುವ ಸೌಲಭ್ಯವಿದ್ದ ಮಕ್ಕಳ ವಾಚ್‌ಗಳ ಮಾರಾಟವನ್ನು ಜರ್ಮನಿ 2017ರಲ್ಲೇ ನಿಷೇಧಿಸಿತು. ಆ್ಯಪಿನ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗಬೇಡಿ. ಎಸ್‌ಎಂಎಸ್ ಆಜ್ಞೆಗಳಿಂದ ನಡೆಯುವ ಸಾಧನಕ್ಕೆ ಇನ್ನೊಂದು ಪಾಸ್‌ವರ್ಡ್ ಬೇರೆಯೇ ಇರುತ್ತದೆ, ಅದನ್ನೂ ಬದಲಿಸಿ. ಬದಲಿಸಲು ದಾರಿಯೇ ಇಲ್ಲದ್ದನ್ನು ಹಿಂತಿರುಗಿಸಿ.

ಹಿಂತಿರುಗಿಸುವ ಗಡುವು ಮುಗಿಯುವುದರೊಳಗೆ

ಪಟ್ಟಿಯಲ್ಲಿರುವವರಿಗೆ ಮೊದಲೇ ತಿಳಿಸಿ, ಧರಿಸುವವರ ಕೈಯಿಂದಲೇ ಒತ್ತಿಸಿ. ಮಂಚದ ಮೇಲೆ ಮಲಗಿಕೊಂಡು ಒಮ್ಮೆ, ಬಚ್ಚಲ ಬಾಗಿಲು ಹಾಕಿಕೊಂಡು ಒಮ್ಮೆ, ಅಂಗಳದ ಕೊನೆಯಲ್ಲಿ ಒಮ್ಮೆ, ದಿನವೂ ನಡೆದುಹೋಗುವ ದಾರಿಯ ಮಧ್ಯೆ ಒಮ್ಮೆ. ಪ್ರತಿ ಸಲವೂ ಒತ್ತಿದ ಕ್ಷಣದಿಂದ ಮೊದಲ ಫೋನ್ ರಿಂಗಾಗುವವರೆಗೆ ಸೆಕೆಂಡ್ ಎಣಿಸಿ ಬರೆದಿಡಿ. ಒಂದು ನಿಮಿಷದೊಳಗೆ ರಿಂಗಾದರೆ ಚೆನ್ನ, ಎರಡು ನಿಮಿಷ ದಾಟುವ ಜಾಗವಿದ್ದರೆ ಸಿಮ್ ಬದಲಿಸಿ ಮತ್ತೆ ನೋಡಿ. ಒಂದು ಸಲ ಮೊದಲ ನಂಬರಿನವರು ಬೇಕೆಂದೇ ಎತ್ತದಿರಲಿ, ಇನ್ನೊಂದು ಸಲ ಅವರ ಫೋನ್ ಆಫ್ ಇರಲಿ. ವಾಯ್ಸ್‌ಮೇಲ್ ಬಲೆ ಹೊರಬೀಳುವುದು ಈ ಎರಡು ಪರೀಕ್ಷೆಗಳಲ್ಲಿ. ನೆಲದ ಮೇಲೆ ಮಲಗಿ, ಸಾಧನದ ಮೇಲೆ ಹೊದಿಕೆ ಇರುವಾಗ ಮಾತು ಆ ಕಡೆ ಕೇಳುತ್ತದೆಯೇ ಎಂದೂ ನೋಡಿ.

ಬ್ಯಾಟರಿ ಖಾಲಿಯಾಗುವವರೆಗೆ ಒಮ್ಮೆ ಬಿಟ್ಟು, ‘ಕಡಿಮೆ’ ಸಂದೇಶ ಬಂದ ಮೇಲೆ ಎಷ್ಟು ಗಂಟೆ ನಡೆಯಿತು ಎಂದು ಗುರುತು ಮಾಡಿಕೊಳ್ಳಿ. ಆ ಅಂಕಿ ಒಂದು ರಾತ್ರಿಗಿಂತ ಕಡಿಮೆಯಾದರೆ ಸಂಜೆ ಬಂದ ಸಂದೇಶಕ್ಕೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಆಮೇಲೆ ತಿಂಗಳಿಗೊಂದು ದಿನ ಗೊತ್ತು ಮಾಡಿ ಒಂದು ಸಲ ಒತ್ತಿ ನೋಡಿ; ಸಿಮ್ಮಿನ ಅವಧಿ ಮುಗಿಯುವ ತಾರೀಖನ್ನು ಇಬ್ಬರ ಫೋನಿನ ಕ್ಯಾಲೆಂಡರಿನಲ್ಲಿ, ಒಂದು ವಾರ ಮುಂಚಿತವಾಗಿ ನೆನಪಿಸುವಂತೆ ಹಾಕಿಡಿ.